ಸ್ವಇಚ್ಛೆಯಿಂದ

ಆನೆಕೊಂಡ, ದಾವಣಗೆರೆ
14 ಏಪ್ರಿಲ್ 2025, ಸೋಮವಾರ

ಅವ್ವ,

ಕರ್ತನ ನಾಮದಲ್ಲಿ ವಂದನೆ ಎಂದು ಶುರುಮಾಡುವುದು ನೀನು ಕಲಿಸಿದ ಪದ್ಧತಿ. ಈ ಒಂದು ತಿಂಗಳಲ್ಲಿ ಆ ನಾಮದಲ್ಲಿ ಏನೇನು ಶುರುವಾಯಿತು ಎಂದು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬರೀ ವಂದನೆ.

ಹರಿಹರಕ್ಕೆ ಅರ್ಧ ಗಂಟೆಯ ದಾರಿ, ಇವಳಿಗೆ ಬಸ್ಸಿಲ್ಲವೇ, ಫೋನಿಲ್ಲವೇ ಎಂದು ಕೇಳುತ್ತೀ. ಫೋನಿನಲ್ಲಿ ನಾನು ಬಾಯಿ ತೆರೆದರೆ “ದೇವ್ರು ನೋಡ್ಕಂತಾನೆ ಬಿಡವ್ವ” ಅಂದು ಇಟ್ಟುಬಿಡುತ್ತೀ. ಎದುರಿಗೆ ಬಂದರೆ ಅಳುತ್ತೀ. ನೀನು ಅತ್ತರೆ ನನ್ನ ಸಿಟ್ಟು ಇಳಿದುಹೋಗುತ್ತದೆ, ಈಗ ಅದು ಇಳಿಯಬಾರದು. ಅಲ್ಲದೆ ನೀನು ಕಾಗದದ ಮೇಲಿದ್ದದ್ದನ್ನು ಮಾತ್ರ ನಂಬುವವಳು. ನಲವತ್ತು ದಾಟಿದ ಮೇಲೆ ನಮ್ಮ ಚರ್ಚಿನ ಸಭೆಯ ಅಕ್ಷರ ತರಗತಿಗೆ ಹೋಗಿ, ಬೆರಳಿಟ್ಟು ಬೆರಳಿಟ್ಟು ಓದಲು ಕಲಿತವಳು. ಇದನ್ನೂ ಬೆರಳಿಟ್ಟು ಓದು. ಬಿಟ್ಟು ಬಿಟ್ಟು ಓದಬೇಡ.

ನಿನ್ನೆ ಗರಿಗಳ ಭಾನುವಾರದ ಆರಾಧನೆ ಮುಗಿಸಿ ಬಂದು ನೀನು ಹಿಗ್ಗಿನಿಂದ ಫೋನು ಮಾಡಿದೆ. “ನಂಗೆ ಮೊದ್ಲನೇ ಮಾತು ಕೊಟ್ಟಾರವ್ವ” ಅಂದೆ. ಶುಭ ಶುಕ್ರವಾರದ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ನಮ್ಮ ಸಭೆಯಲ್ಲಿ ಏಳು ಜನ ಎದ್ದು, ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಹೇಳುತ್ತಾರೆ. ಇಷ್ಟು ವರ್ಷ ಆ ಏಳು ಜನ ಯಾರಿರುತ್ತಿದ್ದರು? ಕಮಿಟಿಯವರು, ಕಮಿಟಿಯವರ ಬೀಗರು, ಹೆಡ್‌ಮಾಸ್ತರು. ನೀನು ಸಭೆ ಇನ್ನೂ ಗುಡಾರದಲ್ಲಿ ಕೂಡುತ್ತಿದ್ದ ಕಾಲದಿಂದ ಮೂವತ್ತು ವರ್ಷ ಕಸ ಗುಡಿಸಿದವಳು. ಒಂದು ಸಾರಿಯೂ ಮೈಕಿನ ಹತ್ತಿರ ಕರೆದವರಿಲ್ಲ. ಮೈಕಿನ ಕೆಳಗೆ ಒರೆಸು ಎಂದು ಕರೆದದ್ದುಂಟು. ಈ ವರ್ಷ ಇದ್ದಕ್ಕಿದ್ದಂತೆ ಮೊದಲನೇ ಮಾತು ನಿನಗೆ. ಮೊದಲನೇ ಮಾತು ಯಾವುದು, ಅವ್ವ? ತಂದೆಯೇ, ಇವರನ್ನು ಕ್ಷಮಿಸು.

ಶುಕ್ರವಾರ ಮುಂದಿನ ಬೆಂಚಿನಲ್ಲಿ ಕಮಿಟಿಯ ಕಾರ್ಯದರ್ಶಿ ಮುರುಗೇಶಪ್ಪ ಕೂತಿರುತ್ತಾರೆ. ನೀನು ಹೇಳುತ್ತೀ, ಅವರು ಕರ್ಚೀಫು ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಆರಾಧನೆ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ನಿನ್ನ ಮುಂದೆ ಒಂದು ಕಾಗದ ಇಡುತ್ತಾರೆ. ಅದರ ಒಂದು ಪ್ರತಿಯನ್ನು ಮೊದಲೇ ನಿನ್ನ ಕೈಗೆ ಕೊಟ್ಟಿದ್ದಾರೆ; ಅದರ ಫೋಟೋ ನೀನೇ ಪಕ್ಕದ ಮನೆ ಮಾಸೂಮಾಳ ಕೈಯಲ್ಲಿ ನನಗೆ ಕಳಿಸಿದೆ, ಇದರಲ್ಲಿ ಏನೈತೆ ನೋಡವ್ವ ಅಂತ. ನೋಡಿದೆ. ಪೊಲೀಸ್ ಠಾಣೆಗೆ ಕೊಡುವ ಹೇಳಿಕೆ ಅದು. ‘ನನ್ನ ಮಗ ಚೌಡೇಶನು ಯಾರ ಒತ್ತಾಯವೂ ಇಲ್ಲದೆ, ಭಕ್ತಿಯಿಂದ, ಸ್ವಇಚ್ಛೆಯಿಂದ ದೇವಾಲಯದ ಗೋಪುರ ಏರಿದ್ದು, ಅವನ ಸಾವಿನ ಬಗ್ಗೆ ಯಾರ ಮೇಲೂ ನನ್ನ ದೂರು ಇರುವುದಿಲ್ಲ.’ ಕೆಳಗೆ ನಿನ್ನ ಸಹಿಗೆ ಜಾಗ.

ಹೆಬ್ಬೆಟ್ಟಿನಿಂದ ಸಹಿಯ ತನಕ ಬರಲು ನಿನಗೆ ಅರ್ಧ ಆಯುಷ್ಯ ಬೇಕಾಯಿತು. ಆ ಸಹಿಯನ್ನು ಇಲ್ಲಿಗೆ ಹಾಕುತ್ತೀಯಾ?

ಸ್ವಇಚ್ಛೆಯಿಂದ. ಈ ಮಾತು ಎಲ್ಲಿಂದ ಬಂತು ಗೊತ್ತೇನು? ಯೇಸು ಸ್ವಇಚ್ಛೆಯಿಂದ ತನ್ನನ್ನು ಸಾವಿಗೆ ಒಪ್ಪಿಸಿಕೊಟ್ಟ ಎಂದು ನಾವು ಪ್ರತಿ ತಿಂಗಳು ಪ್ರಭುವಿನ ಭೋಜನದ ರೊಟ್ಟಿ ಮುರಿಯುವಾಗ ಹೇಳುತ್ತೇವೆ. ಅಲ್ಲಿಂದ ಕಿತ್ತು ಠಾಣೆಯ ಕಾಗದಕ್ಕೆ ಅಂಟಿಸಿದ್ದಾರೆ. ನಿನ್ನ ಕಿವಿಗೆ ಅದು ದೇವರ ಮಾತಿನಂತೆಯೇ ಕೇಳುತ್ತದೆ, ನೀನು ತಲೆಬಾಗುತ್ತೀ. ಅದು ಅವರಿಗೆ ಗೊತ್ತು.

ಈಗ ನಡೆದದ್ದನ್ನು ನೆಟ್ಟಗೆ ಹೇಳುತ್ತೇನೆ. ಈ ತಿಂಗಳಲ್ಲಿ ನಿನಗೆ ಯಾರೂ ನೆಟ್ಟಗೆ ಹೇಳಿಲ್ಲ.

ಮಾರ್ಚ್ 15, ಶನಿವಾರ. ಮರುದಿನ ಬಿಷಪ್ಪರು ಬಂದು ಹೊಸ ಕಬ್ಬಿಣದ ಶಿಲುಬೆಯ ದೀಪ ಹಚ್ಚಬೇಕಿತ್ತು. ಇಪ್ಪತ್ತು ಅಡಿಯ ಶಿಲುಬೆ, ಸೇತುವೆ ದಾಟಿ ಬರುವ ಬಸ್ಸಿನವರಿಗೆಲ್ಲ ಕಾಣಬೇಕೆಂದು ಕಮಿಟಿಯ ಹಟ. ಗೋಪುರದ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ದೊಡ್ಡ ಕರೆಂಟ್ ಲೈನು. ಹಾಗಿರುವ ಕಡೆ ಕೆಲಸ ಮಾಡಬೇಕಾದರೆ ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟು ಲೈನು ಬಂದ್ ಮಾಡಿಸಬೇಕು. ನಮ್ಮ ಚೌಡೇಶನಂಥ ವೈರ್‌ಮನ್ನರು ಇದಕ್ಕೆ ‘ಲೈನ್ ಕ್ಲಿಯರ್’ ಅನ್ನುತ್ತಾರೆ. ಚೌಡೇಶ ಕೇಳಿದ. ಒಂದು ಸಾರಿಯಲ್ಲ, ಮೂರು ಸಾರಿ. ಏಣಿ, ಹಗ್ಗ, ಶಾಮಿಯಾನ ತಂದಿದ್ದ ಲಾಲ್ ಸಾಬ್ ಕೂಡ ಕೇಳಿದ್ದಾನೆ. “ಸಾಹೇಬ್ರೆ, ಲೈನ್ ಬಂದ್ ಮಾಡ್ಸ್ರಿ, ಹುಡುಗ ಕಬ್ಬಿಣ ಹಿಡ್ಕಂಡು ಮ್ಯಾಲೆ ಹೋಗ್ತಾನೆ” ಎಂದ. ಅದಕ್ಕೆ ಮುರುಗೇಶಪ್ಪ ಚೌಡೇಶನ ಕಡೆ ತಿರುಗಿ ಅಂದದ್ದು ಇದು: “ಅರ್ಜಿ ಕೊಟ್ರೆ ಸೋಮವಾರ ಆಗ್ತೈತೆ. ಬಿಷಪ್ರು ನಾಳೆ ಬರ್ತಾರೆ. ಹತ್ತು ನಿಮಿಷದ ಕೆಲ್ಸ, ಹತ್ತಲೇ. ಯೇಸುಸ್ವಾಮಿ ಶಿಲುಬಿ ಎತ್ತಾಕ ಹೆದರ್ತಿಯೇನು?”

ಹತ್ತು ನಿಮಿಷ, ಹತ್ತು. ಎಣಿಸುವುದಕ್ಕೂ ಏರುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಕೆಳಗೆ ನಿಂತವರು ಎಣಿಸುತ್ತಾರೆ, ನಮ್ಮವರು ಏರುತ್ತಾರೆ.

ಏರಿದ. ಹಗ್ಗದಲ್ಲಿ ಎಳೆದ ಶಿಲುಬೆಯನ್ನು ಹಿಡಿದು ನಿಲ್ಲಿಸುವಾಗ ಅದು ಗಾಳಿಗೆ ತಿರುಗಿ, ಅದರ ಒಂದು ಕೈ ಲೈನಿಗೆ ತಾಗಿತು. ಅಷ್ಟೇ.

ಮರುದಿನ ಬಿಷಪ್ಪರು ಬಂದರು. ದೀಪ ಹಚ್ಚುವ ಬದಲು ಮಣ್ಣಿನ ಪ್ರಾರ್ಥನೆ ಮಾಡಿದರು. ಚೌಡೇಶ ಶಿಲುಬೆಯನ್ನು ಅಪ್ಪಿಕೊಂಡೇ ಪ್ರಾಣಬಿಟ್ಟ ಎಂದು ಸಭಾಪಾಲಕರು ಹೇಳಿದಾಗ ಹೆಂಗಸರೆಲ್ಲ ಗೊಳೋ ಎಂದರು, ನೀನೂ. ಅಪ್ಪಿಕೊಂಡಿರಲಿಲ್ಲ ಅವ್ವ. ಕರೆಂಟು ಹಿಡಿದ ಕೈ ಬಿಡುವುದಿಲ್ಲ. ಬೆರಳು ಮುಷ್ಟಿಯಾಗಿ ಬಿಗಿದುಕೊಳ್ಳುತ್ತವೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಅದಕ್ಕೆ ಭಕ್ತಿ ಅನ್ನುತ್ತಾರಾ?

ಇನ್ನೊಂದು. ಬದುಕಿದ್ದಾಗ ಅವರ ಬಾಯಲ್ಲಿ ಅವನು “ಏ ಲೈನ್ ಚೌಡ.” ಫ್ಯಾನು ನಿಂತರೆ ಚೌಡ, ಮೈಕು ಕೂಗಿದರೆ ಚೌಡ. ದೀಕ್ಷಾಸ್ನಾನದ ಸ್ತೆಫನ ಎಂಬ ಹೆಸರು ರಿಜಿಸ್ಟರಿನಲ್ಲಿ ಮಲಗಿತ್ತು. ಸತ್ತ ಮೂರನೇ ದಿನಕ್ಕೆ ಎದ್ದಿತು. ಈಗ ಕಲ್ಲಿನ ಮೇಲೆ ಕೆತ್ತಿಸುತ್ತಾರಂತೆ: ‘ಶಿಲುಬೆಗಾಗಿ ಪ್ರಾಣಾರ್ಪಣೆ ಮಾಡಿದ ರಕ್ತಸಾಕ್ಷಿ ಸ್ತೆಫನ.’ ಜೀವ ಇದ್ದವನಿಗೆ ಒಂದು ಸೊಂಟದ ಬೆಲ್ಟು ಕೊಡಿಸದವರು ಹೆಣಕ್ಕೆ ಬಿರುದು ಕೊಡಿಸುತ್ತಿದ್ದಾರೆ.

ನಾನು ಬಾಯಿಬಡುಕಿ, ಸಂಘಟನೆ ಸೇರಿ ದೇವರನ್ನು ಬಿಟ್ಟವಳು ಎಂದು ಅವರು ನಿನಗೆ ಹೇಳಿದ್ದಾರೆ. ಗಾಂಧಿ ಸರ್ಕಲ್ಲಿನಲ್ಲಿ ಕೂತು ಘೋಷಣೆ ಕೂಗಿದ್ದೇನೆ, ನಿಜ. ಇವತ್ತು ಬಾಬಾಸಾಹೇಬರ ಜಯಂತಿ, ಮೆರವಣಿಗೆಯ ತಮಟೆ ಇಲ್ಲಿಯ ತನಕ ಕೇಳುತ್ತಿದೆ, ಅದಕ್ಕೂ ಹೋಗಿ ಬಂದೆ. ಆದರೆ ಶಿಲುಬೆ ಬಿಟ್ಟಿಲ್ಲ. ಶಿಲುಬೆಯ ಅರ್ಥ ಅವರಿಗಿಂತ ಚೆನ್ನಾಗಿ ನನಗೆ ಗೊತ್ತು. ಯಾಕೆಂದರೆ ಅದನ್ನು ನನಗೆ ಕಲಿಸಿದವರು ಅಪ್ಪ ಮತ್ತು ನೀನು.

ಅಪ್ಪ ಯಾಕೆ ಈ ದಾರಿಗೆ ಬಂದ? ನಾನು ಚಿಕ್ಕವಳಿದ್ದಾಗ ಕೇಳಿದ್ದೆ. “ಊರಾಗೆ ನಾವಷ್ಟೇ ಬಗ್ಗಬೇಕಿತ್ತವ್ವ. ಇಲ್ಲಿ ಎಲ್ರೂ ಮೊಣಕಾಲೂರ್ತಾರೆ” ಅಂದಿದ್ದ. ವಿಮೋಚನೆ ಅಂದರೆ ಏನು ಎಂದು ಕೇಳಿದರೆ “ಬಿಡುಗಡಿ” ಅಂದ. ಎಂಥಾ ಬಿಡುಗಡೆ ಅಂದರೆ, “ನಮಗಾಗಿ ಒಬ್ಬಾತ ಸತ್ತ, ಒಂದೇ ಸಾರಿ, ಎಲ್ರಿಗೂ ಸೇರಿಸಿ. ಇನ್ನ ಮ್ಯಾಲೆ ಯಾರೂ ಯಾರಿಗೂ ಬಲಿ ಆಗಂಗಿಲ್ಲ” ಅಂದ. ಅಪ್ಪ ಏಳನೇ ಇಯತ್ತೆಯನ್ನೂ ನೋಡಿದವನಲ್ಲ. ಅವನಿಗೆ ತಿಳಿದದ್ದು ಈ ಕಮಿಟಿಗೆ ತಿಳಿದಿಲ್ಲ.

ಒಂದೇ ಸಾರಿ. ಅಲ್ಲಿ ಬೆರಳಿಟ್ಟು ನಿಲ್ಲು, ಅವ್ವ. ಎರಡು ಸಾವಿರ ವರ್ಷದ ಹಿಂದೆ ಆ ಬಲಿ ಮುಗಿದಿದೆ. ಮುಗಿದಿದೆ ಎಂದು ನಂಬುವುದೇ ನಮ್ಮ ವಿಶ್ವಾಸ. ಹಾಗಿದ್ದರೆ ಚೌಡೇಶನ ಸಾವು ಯಾವ ಬಲಿ? ಯಾರ ಪಾಪಕ್ಕೆ? ಅವನ ಸಾವಿಗೆ ಬಲಿದಾನ ಎಂದು ಹೆಸರಿಟ್ಟರೆ ಯೇಸುವಿನ ಬಲಿ ಸಾಲಲಿಲ್ಲ ಎಂದು ಹೇಳಿದಂತೆ. ದೇವರನ್ನು ಬಿಟ್ಟವರು ಅವರು, ನಾನಲ್ಲ.

ಸ್ವಇಚ್ಛೆಯ ಮಾತಿಗೆ ಬರುತ್ತೇನೆ. ಯೇಸುವಿಗಾದರೂ ಸಾಯಲು ಖುಷಿ ಇತ್ತೇ? ಹಿಂದಿನ ರಾತ್ರಿ ತೋಟದಲ್ಲಿ ಬೋರಲು ಬಿದ್ದು ಬೆವರಿದ. ಈ ಸಾವಿನ ಬಟ್ಟಲನ್ನು ನನ್ನಿಂದ ತೊಲಗಿಸು ಎಂದು ಮೂರು ಸಾರಿ ಬೇಡಿಕೊಂಡ. ಚೌಡೇಶ ಮೂರು ಸಾರಿ ಲೈನ್ ಕ್ಲಿಯರ್ ಕೇಳಿದ. ಅದೇ ಅವನ ತೋಟ, ಅದೇ ಅವನ ಬಟ್ಟಲು. ಒಂದು ವ್ಯತ್ಯಾಸ ಇದೆ: ಅಲ್ಲಿ ಬೇಡಿಕೊಂಡದ್ದು ತಂದೆಯನ್ನು, ಇಲ್ಲಿ ಮುರುಗೇಶಪ್ಪನನ್ನು. ಮುರುಗೇಶಪ್ಪ ದೇವರಲ್ಲ. ಅವನ ಇಷ್ಟ ನೆರವೇರಲಿ ಎಂದು ಯಾವ ಪ್ರಾರ್ಥನೆಯಲ್ಲೂ ಇಲ್ಲ.

ಕ್ಷಮಿಸು ಎಂಬ ಮಾತು ಆಡಿದವನು ಯಾರು ನೋಡು. ಮೊಳೆ ಹೊಡೆಸಿಕೊಂಡವನು. ತನ್ನ ಕೈಗೆ, ತನ್ನ ಬಾಯಿಂದ. ಅವನ ತಾಯಿ ಕೆಳಗೇ ನಿಂತಿದ್ದಳಲ್ಲ? ನೀನೊಂದು ಮಾತು ಹೇಳಮ್ಮ, ಸೈನಿಕರನ್ನು ಕ್ಷಮಿಸಿಬಿಡಮ್ಮ ಎಂದು ಯಾರೂ ಅವಳನ್ನು ಮುಂದಕ್ಕೆ ತಳ್ಳಲಿಲ್ಲ. ಅಷ್ಟು ಕ್ರೂರಿಗಳಿಗೂ ಅಷ್ಟು ನಾಚಿಕೆ ಇತ್ತು. ಶಿಲುಬೆಯ ತೀರ್ಪು ಕೊಟ್ಟ ಪಿಲಾತ ಕೂಡ ಈ ರಕ್ತ ನನಗೆ ಅಂಟದಿರಲಿ ಎಂದು ತನ್ನ ಕೈ ತಾನೇ ತೊಳೆದುಕೊಂಡ. ಇವರು ನಿನ್ನ ಕೈಲಿ ತೊಳೆಸಿಕೊಳ್ಳುತ್ತಿದ್ದಾರೆ.

ಕ್ಷಮೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ತಪ್ಪು ಮಾಡಿದವನು ಮೊದಲು ಬಂದು, ನಾನು ಹತ್ತಿಸಿದೆ, ಲೈನು ಬಂದ್ ಮಾಡಿಸಲಿಲ್ಲ, ನನ್ನ ಅವಸರಕ್ಕೆ ನಿನ್ನ ಮಗ ಸತ್ತ ಎಂದು ನಿನ್ನ ಮುಖ ನೋಡಿ ಹೇಳಬೇಕು. ಆಮೇಲೆ ಬಿಡುವುದೋ ಇಡುವುದೋ ನಿನ್ನಿಷ್ಟ. ಅದು ಮಾತ್ರ ಸ್ವಇಚ್ಛೆ. ತಪ್ಪನ್ನು ಒಪ್ಪಿಕೊಳ್ಳುವ ಮೊದಲೇ ಕ್ಷಮೆ ಕೇಳುವುದು, ಅದೂ ಮೈಕಿನಲ್ಲಿ, ಏಳು ಜನರ ಪಟ್ಟಿಗೆ ನಿನ್ನ ಹೆಸರು ಸೇರಿಸಿ! ಅದಕ್ಕೆ ನಮ್ಮ ಕಡೆ ಬಾಯಿ ಮುಚ್ಚಿಸುವುದು ಅನ್ನುತ್ತಾರೆ.

ಆದ್ದರಿಂದ ಶುಕ್ರವಾರ ನೀನು ಆ ಮಾತು ಹೇಳಬೇಡ. ಸಹಿ ಹಾಕಬೇಡ. ಅಲ್ಲಿಯೇ ಮುಂದಿನ ಬೆಂಚಿನಲ್ಲಿ ಹೋಗಿ ಕೂಡು. ಕಸಪೊರಕೆಯವಳು ಅಲ್ಲಿ ಕೂತರೆ ಏಳಿಸುವ ಧೈರ್ಯ ಆ ದಿನ ಯಾರಿಗೂ ಬರುವುದಿಲ್ಲ. ಲಾಲ್ ಸಾಬ್ ಠಾಣೆಗೆ ಬಂದು ಕಂಡದ್ದನ್ನು ಹೇಳುತ್ತಾನೆ. “ನಂಗೂ ಆ ಸಭೆಯೋರ ಮದ್ವೆ ಶಾಮಿಯಾನ ಬೇಕ್ರಿ, ಹೊಟ್ಟೆಪಾಡು. ಆದ್ರೆ ಆ ಹುಡುಗನ ಕೈ ಬಿಡಿಸಿದ್ದು ನಾನು, ಮರೀಲಿ ಹೆಂಗೆ?” ಎಂದ. ಸಭೆಯವನಲ್ಲದ ಒಬ್ಬನಿಗೆ ಇಷ್ಟು ಎದೆ ಇದೆ.

ಚೌಡೇಶ ಮೂರು ಸಾರಿ ಕೇಳಿದ್ದು ನನಗೆ ಹೇಗೆ ಗೊತ್ತು ಎಂದು ನೀನು ಈಗ ಯೋಚಿಸುತ್ತಿರಬಹುದು. ಲಾಲ್ ಸಾಬ್ ಹೇಳಿದ ಎಂದುಕೋ. ಆ ದಿನ ನಾನು ಶಾಲೆಯಲ್ಲಿದ್ದೆ, ಶನಿವಾರದ ಅರ್ಧ ದಿನ.

ಗುರುವಾರ ಸಂಜೆ ಬಸ್ಸಿಗೆ ಬರುತ್ತೇನೆ. ಉಪವಾಸ ಅಂತ ನೀರೂ ಕುಡಿಯದೆ ಕೂರಬೇಡ, ಸಕ್ಕರೆ ಮಾತ್ರೆ ತಗೋ.

ನಿನ್ನ ಮಗಳು,
ಮೀನಾಕ್ಷಿ

ಮರೆತ ಮಾತು:

ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ.

ಲಾಲ್ ಸಾಬ್ ಕೇಳಿಸಿಕೊಂಡದ್ದು ಒಂದು ಸಾರಿ ಮಾತ್ರ. ಮೂರು ಸಾರಿ ಎಂದು ನನಗೆ ಹೇಳಿದ್ದು ಚೌಡೇಶನೇ. ಆ ದಿನ ಹನ್ನೊಂದೂ ಇಪ್ಪತ್ತಕ್ಕೆ ವಾಟ್ಸಾಪಿನಲ್ಲಿ ಅವನ ದನಿ ಬಂತು. “ಅಕ್ಕ, ಮೂರ್ ಸಾರಿ ಕೇಳ್ದೆ, ಲೈನ್ ಬಂದ್ ಮಾಡ್ಸಲ್ಲ ಅಂತಾರೆ. ನನ್ ಕೈಲಿ ಆಗಲ್ಲ, ಮನಿಗೆ ಹೊಂಟೆ.” ಹೊರಟಿದ್ದ, ಅವ್ವ. ಏಣಿ ಬಿಟ್ಟು ಹೊರಟಿದ್ದ.

ನಾನು ಕೆಲಸ ಮಾಡುವ ಶಾಲೆಯ ಕಾರ್ಯದರ್ಶಿಯೂ ಅದೇ ಮುರುಗೇಶಪ್ಪ. ನನ್ನನ್ನು ಖಾಯಂ ಮಾಡುವ ಕಡತ ಅವರ ಮೇಜಿನ ಮೇಲಿತ್ತು. ಅವನಿಗೆ ನಾನು ಹೇಳಿ ಕಳಿಸಿದ ಮಾತು ಫೋನಿನಲ್ಲಿ ಹಾಗೆಯೇ ಇದೆ: “ಈಗ ಅವ್ರನ್ನ ಎದುರು ಹಾಕ್ಕಬ್ಯಾಡೋ ಮಾರಾಯ. ಹತ್ತು ನಿಮಿಷದ ಕೆಲ್ಸ, ಹತ್ತು.”

ಅವರ ಮಾತೂ ಅದೇ, ನನ್ನ ಮಾತೂ ಅದೇ. ಅವನು ನನ್ನ ಮಾತಿಗೆ ಹತ್ತಿದ.

ನಾಳೆ ಬೆಳಿಗ್ಗೆ ಆ ಫೋನನ್ನು ಠಾಣೆಗೆ ಕೊಡುತ್ತೇನೆ, ಎರಡು ದನಿಗಳ ಸಮೇತ. ನನ್ನ ದನಿಯನ್ನು ಅಳಿಸಿಲ್ಲ. ಹೇಳಿಕೆಯಲ್ಲಿ ಸ್ವಇಚ್ಛೆಯಿಂದ ಎಂದು ನಾನೇ ಬರೆಯುತ್ತೇನೆ.

ಗುರುವಾರ ನಾನು ಬಾಗಿಲಲ್ಲಿ ನಿಂತಾಗ ಆ ಮೊದಲನೇ ಮಾತು ನಿನ್ನ ಬಾಯಿಗೆ ತಾನಾಗಿ ಬಂದೀತು, ನೀನು ಅಂಥವಳೇ. ನನಗೂ ಹೇಳಬೇಡ ಅವ್ವ. ಮೊದಲು ಬೈಯಿ.