ಅಮ್ಮನವರ ಹೆಸರಿನ ಜೀರುಂಡೆ

ಮಾರ್ಚ್ 4, ಮಂಗಳವಾರ

ಜೀರುಂಡೆಗಳ ಡ್ರಾಯರ್ 61ರಿಂದ 70. ನುಸಿಗುಳಿಗೆ ಬದಲಾಯಿಸಿದ್ದಾಯಿತು. ಮೂರು ಕಾಲು, ಒಂದು ಮೀಸೆ ಉದುರಿದ್ದವು, ಅಂಟಿಸಿದೆ. ಕೈ ಇನ್ನೂ ನಡುಗುವುದಿಲ್ಲ. ಮೂವತ್ತೊಂದು ವರ್ಷದ ಮ್ಯೂಸಿಯಂ ಕೆಲಸದಲ್ಲಿ ಉಳಿದ ಆಸ್ತಿ ಅದೊಂದೇ.

ಸಂಜೆ ಮೇಷ್ಟ್ರ ಮನೆ. ಕೆಲಸ ಕಲಿಸಿದವರು. ಈಗ ಎರಡೂ ಕಣ್ಣು ಹೋಗಿವೆ, ಹಾಸಿಗೆ ಬಿಟ್ಟು ಏಳುವುದಿಲ್ಲ. ಆದರೂ ಜೀರುಂಡೆಗಳ ಪಟ್ಟಿ ಪುಸ್ತಕ ಎಲ್ಲಿಗೆ ಬಂತು ಅಂತ ದಿನಾ ಕೇಳುತ್ತಾರೆ. "ಆ ಪುಟ ಬಂದ ದಿನ ನೀನೇ ಓದಿ ಹೇಳ್ಬೇಕು ನಂಗೆ."

ಆ ಪುಟ ಎಂದರೆ ಮೇಷ್ಟ್ರ ಹೆಂಡತಿ ಅಮ್ಮನವರ ಪುಟ. ಮೇಷ್ಟ್ರು ನಲವತ್ತೊಂದು ಹೊಸ ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ಹೆಂಡತಿಯ ಹೆಸರು ಇಟ್ಟದ್ದು ಒಂದಕ್ಕೆ ಮಾತ್ರ. ಹಿಡಿದವರು ಅಮ್ಮನವರೇ. ಹೆಸರಿಟ್ಟದ್ದು ಅವರು ತೀರಿಕೊಂಡ ಮರುವರ್ಷ. ಹಸಿರು ಮೈ, ಕಪ್ಪು ತಲೆ, ತಲೆಯ ಮೇಲೊಂದು ಕೊಂಬು. ಹಸಿರು ಮೈಯವಕ್ಕೆ ಕೊಂಬಿರುವುದಿಲ್ಲ, ಕೊಂಬಿನವು ಪೂರ್ತಿ ಕಪ್ಪು. ಎರಡೂ ಕೂಡಿದ್ದು ಲೋಕದಲ್ಲಿ ಇದೊಂದೇ ಸಿಕ್ಕಿದೆ. ಆಮೇಲೆ ಯಾರಿಗೂ ಸಿಕ್ಕಿಲ್ಲ.

ಮಾರ್ಚ್ 6

ಡಿಎನ್ಎ ವಿಭಾಗದ ಕನ್ನಡಕದ ಹುಡುಗಿ ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತಳು.

"ಮೇಡಂ, ಅಮ್ಮನವರ ಜೀರುಂಡೆ ಕಾಲು ಟೆಸ್ಟ್ ಮಾಡಿದ್ನಲ್ಲಾ... ಅದು ಮಾಮೂಲಿ ಹಸಿರು ಜೀರುಂಡೇದೇ. ಏನೂ ವ್ಯತ್ಯಾಸ ಇಲ್ಲ."

"ಬೇರೆ ಯಾವ್ದೋ ಬೆರೆತಿರುತ್ತೆ. ಮತ್ತೆ ಮಾಡು."

"ಮೂರು ಸಲ ಮಾಡ್ದೆ ಮೇಡಂ."

ರೇಗಿಬಿಟ್ಟೆ. ನೀನು ಹುಟ್ಟೋಕೆ ಮುಂಚೆ ಮೇಷ್ಟ್ರು ಅದನ್ನ ನೋಡಿದ್ದಾರೆ ಅಂದೆ. ಮಗು ಮುಖ ಸಣ್ಣದು ಮಾಡಿಕೊಂಡು ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರ್ಚ್ 7, ಬೆಳಿಗ್ಗೆ 10

ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಕೊಂಬು ನೋಡಲಿಲ್ಲ, ಕುತ್ತಿಗೆ ನೋಡಿದೆ.

ಗುಲಾಬಿ ಬಣ್ಣದ ಒಂದು ಗೆರೆ. ಕೂದಲೆಳೆಯಷ್ಟು.

ದೀಪ ಆರಿಸಿ ಎದ್ದೆ.

ಮಧ್ಯಾಹ್ನ

ಬರೆದುಬಿಡುತ್ತೇನೆ. ಇಲ್ಲಿಯಾದರೂ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಯಾವ ಪ್ರಭೇದ ಅಂತ ಇನ್ನೂ ಗುರುತಿಸದ ಜೀರುಂಡೆಗಳ ಒಂದು ಟ್ರೇ ಕೈಜಾರಿ ಬಿತ್ತು. ಹಲವು ತಲೆ ಕಳಚಿದವು. ಮೇಷ್ಟ್ರು ಊಟಕ್ಕೆ ಹೋಗಿದ್ದರು. ಬಾಟಲಿಯಲ್ಲಿ ಅಂಟು ಒಣಗಿತ್ತು. ಚೀಲದಲ್ಲಿ ಅಕ್ಕನ ಗುಲಾಬಿ ನೇಲ್ ಪಾಲಿಶ್ ಇತ್ತು. ಗಾತ್ರ ನೋಡಿ ಜೋಡಿಸಿದೆ, ಒಂದು ತಲೆ ಮಾತ್ರ ಸಿಗಲೇ ಇಲ್ಲ. ಎಲ್ಲದಕ್ಕೂ ಧೂಳು ಮೆತ್ತಿತ್ತು, ಹಸಿರು ಯಾವುದು ಕಪ್ಪು ಯಾವುದು ತಿಳಿಯುತ್ತಿರಲಿಲ್ಲ. ಅವರು ಕೈ ತೊಳೆದು ಬರುವಷ್ಟರಲ್ಲಿ ಮುಗಿದಿತ್ತು. ಹೇಳಲಿಲ್ಲ. ಕೆಲಸ ಹೋದರೆ ಎಂಬ ಭಯ.

ಆರು ವರ್ಷದ ಮೇಲೆ ಮೇಷ್ಟ್ರು ಆ ಟ್ರೇ ತೆರೆದು, ಒಂದರ ಧೂಳು ಒರೆಸಿ, "ಬಾರೇ ಇಲ್ಲಿ, ನೋಡು!" ಅಂತ ಕೂಗಿದರು. ಅಮ್ಮನವರು ಹೋದ ಮೇಲೆ ಅವರು ನಕ್ಕದ್ದು ಅವತ್ತೇ ಮೊದಲು. ನಾನೂ ನಕ್ಕೆ. ಟ್ರೇ ಬಿದ್ದದ್ದು ನನಗೆ ನೆನಪೇ ಆಗಲಿಲ್ಲ.

ನಿಜವಾಗಿ ಆಗಲಿಲ್ಲವೇ?

ಹಳೇ ಟ್ರೇ ಹುಡುಕಿದೆ. ತಲೆಯಿಲ್ಲದ ಒಂದು ಕಪ್ಪು ಮೈ ಇದೆ. ಅದರ ಚೀಟಿಯಲ್ಲೂ ಅದೇ ತಾರೀಖು, ಅಮ್ಮನವರ ಅದೇ ದುಂಡು ಅಕ್ಷರ.

ಮಾರ್ಚ್ 15

ಎಂಟು ದಿನ ಏನೂ ಬರೆದಿಲ್ಲ. ಮೇಷ್ಟ್ರ ಮನೆಗೂ ಹೋಗಿಲ್ಲ. ನೆಗಡಿ ಅಂತ ಹೇಳಿಸಿದೆ.

ಪುಸ್ತಕ ಅಚ್ಚಿಗೆ ಹೋಗುವುದು 24ಕ್ಕೆ. ಕನ್ನಡಕದ ಹುಡುಗಿಗೆ ಎಲ್ಲ ಹೇಳಿದೆ, ರೇಗಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. "ನೀವು ಹೇಗಂತೀರೋ ಹಾಗೆ ಮೇಡಂ" ಅಂದಳು. ಬೈದಿದ್ದರೆ ವಾಸಿಯಿತ್ತು.

ಅಕ್ಕ ಸೊಪ್ಪು ಬಿಡಿಸುತ್ತಾ ಅಂದಳು: "ಅವ್ರಿಗೆ ಕಣ್ಣೂ ಕಾಣಲ್ಲ. ಇನ್ನೆಷ್ಟು ದಿನ ಇರ್ತಾರೋ. ಹಳೇ ಪುಟಾನೇ ಓದು, ತಿದ್ದೋದು ಆಮೇಲೆ ತಿದ್ಕೊಂಡ್ರಾಯ್ತು."

ಅದೂ ಸರಿಯೇ ಅನಿಸಿತು. ಅನಿಸಿತಲ್ಲ, ಅದಕ್ಕೇ ನಾಚಿಕೆ.

ಮಾರ್ಚ್ 19, ಸಂಜೆ 6

ಹೇಳಿದೆ.

ಟ್ರೇ, ಭಯ, ಪಾಲಿಶ್, ಕಪ್ಪು ಮೈ, ಎಲ್ಲ. ತಡೆದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಒಂದೇ ಉಸಿರಿಗೆ. ಮೇಷ್ಟ್ರು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಿದ್ದರು, ಬಿಡಿಸುತ್ತಿದ್ದರು.

"ಯಾರದೋ ತಲೆ, ಯಾರದೋ ಮೈ," ಅಂದರು ಕೊನೆಗೆ.

"ನನ್ನಿಂದಾಯ್ತು ಮೇಷ್ಟ್ರೇ."

"ಅಂಟಿಸಿದ್ದು ನೀನು. ಕುತ್ತಿಗೆ ನೋಡದೆ ಹೆಸರಿಟ್ಟದ್ದು ಯಾರು? ಮೊದಲನೇ ಪಾಠ ಅದು. ಅಂಟು ನೋಡಿ ಅಂತ ನಿಮಗೆಲ್ಲ ಬಡ್ಕೊಂಡಿದ್ದು ನಾನೇ." ಹೊದಿಕೆ ಕೈಬಿಟ್ಟು, "ಅವತ್ತು ನಂಗೆ ಹೊಸದು ಸಿಗ್ಲೇಬೇಕಿತ್ತು. ಅವಳು ಹಿಡಿದಿದ್ರಲ್ಲೇ ಸಿಗ್ಬೇಕಿತ್ತು."

ಅತ್ತರು. ಅವರು ಅತ್ತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಾಲು ಮುಟ್ಟಿದೆ, ಎಳೆದುಕೊಳ್ಳಲಿಲ್ಲ.

ಆಮೇಲೆ, "ಬರ್ಕೋ" ಅಂದರು. ತಿದ್ದುಪಡಿ ಟಿಪ್ಪಣಿ ಹೇಳಿ ಬರೆಸಿದರು. ನಾಲ್ಕು ಸಾಲು. ಒಂದು ಪದವೂ ಹೆಚ್ಚಿಲ್ಲ. ಕೆಳಗೆ ಇಬ್ಬರ ಹೆಸರು.

ಮಾರ್ಚ್ 20

ಕುತ್ತಿಗೆಗೆ ಒಂದು ಹನಿ ಅಸಿಟೋನ್. ಎರಡು ನಿಮಿಷಕ್ಕೆ ತಲೆ ಬಿಟ್ಟುಕೊಂಡಿತು. ಮೂವತ್ತೊಂದು ವರ್ಷ ಹಿಡಿದಿತ್ತು ಅಕ್ಕನ ಪಾಲಿಶ್.

ತಲೆಯನ್ನು ಪುಟ್ಟ ರಟ್ಟಿಗೆ ಅಂಟಿಸಿ ಅದೇ ಪಿನ್ನಿಗೆ ಹಾಕಿದೆ. ಕೆಳಗೆ ಹೊಸ ಚೀಟಿ: ಇದು ಮಾಮೂಲಿ ಹಸಿರು ಜೀರುಂಡೆ, ತಲೆ ಬೇರೆಯದು. ಹೊಸ ಪ್ರಭೇದದ ಮೊದಲ ಮಾದರಿ ಎನ್ನುವ ಮೇಲಿನ ಕೆಂಪು ಚೀಟಿ ಹಾಗೇ ಇದೆ. ಒಮ್ಮೆ ಪಿನ್ನಿಗೆ ಚುಚ್ಚಿದ ಚೀಟಿ ತೆಗೆಯುವಂತಿಲ್ಲ, ಎಷ್ಟೇ ತಪ್ಪಿರಲಿ. ನಮ್ಮಲ್ಲಿ ಹೊಸ ಹುಡುಗರಿಗೂ ಹೇಳುವ ನಿಯಮ ಅದು. ಮೇಷ್ಟ್ರ ಕೈಬರಹ, ಅಮ್ಮನವರ ಹೆಸರು. ಶಾಯಿ ಕೂಡ ಮಾಸಿಲ್ಲ.

ಏಪ್ರಿಲ್ 11, ಸಂಜೆ

ಪುಸ್ತಕ ಬಂತು. ನೇರ ಮೇಷ್ಟ್ರ ಮನೆಗೆ.

ಈಗ ಮಾತು ಬಹಳ ಕಮ್ಮಿ. ಅವರ ಮಗಳು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಪುಸ್ತಕ ಎದೆಯ ಮೇಲಿಟ್ಟೆ, ಸವರಿದರು.

"ಆ ಪುಟ."

"ಈಗ ಆ ಪುಟ ಇಲ್ಲವಲ್ಲ ಮೇಷ್ಟ್ರೇ..."

"ಹೆಸರು ಇರುತ್ತೆ. ಒಮ್ಮೆ ಇಟ್ಟ ಹೆಸರು ಪಟ್ಟಿಯಿಂದ ಹೋಗಲ್ಲ. ಓದು."

ಇತ್ತು. ಮಾಮೂಲಿ ಹಸಿರು ಜೀರುಂಡೆಯ ಹೆಸರಿನ ಕೆಳಗೆ, ಸಲ್ಲದ ಹೆಸರುಗಳ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ನಾಲ್ಕನೆಯದು. ಮೊದಲ ಮೂರೂ ಯಾರು ಯಾರೋ ಇಟ್ಟು ಬಿದ್ದುಹೋದವು. ಅವನ್ನೂ ಓದಿದೆ. ಆಮೇಲೆ ಅಮ್ಮನವರದು. ಸ್ಪಷ್ಟವಾಗಿ ಓದಿದೆ.

ಮೇಷ್ಟ್ರು ಕಣ್ಣು ಮುಚ್ಚಿದರು.

"ಇನ್ನೊಂದ್ಸಲ," ಅಂದರು.

ಓದಿದೆ.

"ಇನ್ನೊಂದ್ಸಲ."

ಮತ್ತೆ ಓದಿದೆ. ಆಮೇಲೆ ಅವರು ಕೇಳಲಿಲ್ಲ. ನಾನೇ ಇನ್ನೊಂದು ಸಲ ಓದಿದೆ.