ಹದ್ದುಗಳು ಹಾದುಹೋಗುವ ತನಕ

ಪ್ರೀತಿಯ ಚಿಕ್ಕಮ್ಮ,

“ಕಾಗೆ ಓಡಿಸೋ ಕೆಲಸ ಹೇಗಿದೆ?” ಎಂದು ಕೇಳಿದ್ದೀಯಲ್ಲ, ಕೇಳು. ವಿಮಾನ ನಿಲ್ದಾಣದ ಮೇಲೆ ಹಕ್ಕಿಗಳು ಯಾವಾಗ ಬರುತ್ತವೆಂದು ಕಂಪ್ಯೂಟರ್ ಮೊದಲೇ ಊಹಿಸುತ್ತದೆ. ಅವು ವಿಮಾನಕ್ಕೆ ಬಡಿಯದಂತೆ ಕಂಟ್ರೋಲ್ ಟವರಿನವರನ್ನು ಎಚ್ಚರಿಸುವುದು ನನ್ನ ಪಾಲು. ನಿನ್ನೆ ಮಳೆ ನಿಂತೊಡನೆ ಪರದೆಯಲ್ಲಿ ರನ್‌ವೇ ತುದಿ ಕೆಂಪಾಯಿತು, ಅಂದರೆ ಅಲ್ಲಿಗೆ ಹಕ್ಕಿಗಳು ಬರಲಿವೆ. ಹೊರಡಲಿದ್ದ ವಿಮಾನವನ್ನು ತಡೆಯಲು ಹೇಳಿದೆ.

“ಖಾಲಿ ಆಕಾಶ ನೋಡ್ಕೊಂಡು ನಿಲ್ಸೋದಾ?” ಎಂದರು ಟವರಿನವರು.

“ಸ್ವಲ್ಪ ಹೊತ್ತು ಸಾರ್,” ಎಂದೆ.

ಅಷ್ಟರಲ್ಲಿ ಹುಲ್ಲಿನಿಂದ ರೆಕ್ಕೆ ಬಂದ ಗೆದ್ದಲುಗಳು ಎದ್ದವು. ಅವನ್ನು ತಿನ್ನಲು ಹದ್ದುಗಳು ಹಿಂಡುಹಿಂಡಾಗಿ ಇಳಿದವು. ಅವು ಹೋದಮೇಲೆ ವಿಮಾನ ಹೊರಟಿತು. “ತಡೆದೋರಿಗೆ ಥ್ಯಾಂಕ್ಸ್ ಹೇಳಿ,” ಎಂದರಂತೆ ಪೈಲಟ್.

ನನ್ನ ಕೆಮ್ಮು ವಾಸಿಯಾಗಿದೆ. ನೀನು ವಿಮಾನದಲ್ಲಿ ಬಂದಿಳಿಯುವ ದಿನದ ಡ್ಯೂಟಿಯನ್ನು ಕೇಳಿ ಹಾಕಿಸಿಕೊಂಡಿದ್ದೇನೆ. ಹೆದರದೆ ಕಿಟಕಿ ಪಕ್ಕ ಕೂತು ಬಾ.

ನಿನ್ನ ಪುಟ್ಟಿ