ಹಿತ್ತಾಳೆ ಫಲಕಗಳ ಕಳ್ಳ

ಅಡುಗೆಮನೆಯ ಮೇಜಿನಿಂದ,
ಜೂನ್ ೯, ಸೋಮವಾರ

ಪ್ರೀತಿಯ ಅಕ್ಕಾ,

ಹಲ್ಲುನೋವು ಇಳಿಯಿತೇ? ನಿನ್ನ ಬಾಳಗೆಳತಿ ನಿನ್ನ ಅಡುಗೆ ಉಂಡೂ ಆರೋಗ್ಯವಾಗಿದ್ದಾಳೆಯೇ? ಇದ್ದರೆ ಅದನ್ನು ಪವಾಡವೆಂದು ಅಪ್ಪನ ಚರ್ಚಿನ ದಾಖಲೆಗೆ ಸೇರಿಸಬಹುದು. ನಾನು ಕ್ಷೇಮ. ಅಷ್ಟೇ ಅಲ್ಲ, ನಿರಪರಾಧಿ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಿರಪರಾಧಿಯಾದ ದಿನವೇ ನನ್ನ ಮೇಲೆ ಆರೋಪ ಬಂತೆಂಬುದನ್ನು ಘನಗಂಭೀರವಾಗಿ ನಿನ್ನ ಗಮನಕ್ಕೆ ತರುತ್ತಿದ್ದೇನೆ.

ನಿನ್ನೆ ಆರಾಧನೆಗೆ ಹೋಗಿ ನೋಡಿದರೆ, ಬೆಂಚುಗಳ ಮೇಲಿದ್ದ ಮನೆತನದ ಹೆಸರಿನ ಹಿತ್ತಾಳೆ ಫಲಕಗಳು ಒಂದೂ ಇಲ್ಲ! ಇಪ್ಪತ್ತನಾಲ್ಕೂ ಮಾಯ. ಸ್ಕ್ರೂ ಬಿಚ್ಚಿದ ತೂತುಗಳು ಮಾತ್ರ ಪಿಳಿಪಿಳಿ ನೋಡುತ್ತಿದ್ದವು. ಕಮಿಟಿಯ ಕೆಮ್ಮು ದೊಡ್ಡಪ್ಪ, ಅವರೇ, ಪ್ರತಿ ತಕರಾರಿಗೂ ಮುಂಚೆ ಎರಡು ಸಲ ಕೆಮ್ಮುವವರು, ಕೆಮ್ಮಿ ನನ್ನತ್ತ ಬೆರಳು ಮಾಡಿದರು. "ಇನ್ಯಾರು ಮಾಡ್ತಾರೆ? ದೀಕ್ಷಾಸ್ನಾನದ ತೊಟ್ಟಿಗೆ ಕಪ್ಪೆ ಬಿಟ್ಟವಳು ಇವಳೇ ತಾನೇ?" ಕಪ್ಪೆಯ ವಿಷಯ ನಿಜ. ಆದರೆ ಫಲಕ? ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಸುಳ್ಳಾದರೂ ಸರಿ, ಒಪ್ಪಿಕೊಂಡುಬಿಡೋಣ ಎಂದು ಆಸೆಯಾಯಿತು ಕಣೇ. ಎದ್ದೂ ನಿಂತೆ.

ಅಷ್ಟರಲ್ಲಿ ನಮ್ಮ ಪಾದ್ರಿ ಅಪ್ಪ ಬೋಧನಾಪೀಠದ ಹಿಂದಿನಿಂದ ಒಂದು ಚೀಲ ಎತ್ತಿಕೊಂಡು ಇಳಿದು ಬಂದರು. ಚೀಲ ಝಲ್ಲೆಂದಿತು. ಅದರ ಬಾಯಿಂದ ಇಣುಕಿದ್ದು ನನ್ನದೇ ಕೆಂಪು ಹಿಡಿಯ ಸ್ಕ್ರೂಡ್ರೈವರ್! "ಈ ಒಂದು ಪಾಪಕ್ಕೆ ಮಾತ್ರ ಅವಳನ್ನ ಬಿಟ್ಬಿಡಿ. ತೆಗೆದಿದ್ದು ನಾನು. ಹೋದ ವರ್ಷ ನನ್ನ ದೊಡ್ಡ ಮಗಳೂ ಅವಳ ಸಂಗಾತಿಯೂ ಮುಂದಿನ ಬೆಂಚಲ್ಲಿ ಕೂತಾಗ, ಇದು ನಮ್ಮ ಮನೆತನದ್ದು, ನಿಮ್ಮಂಥೋರಿಗಲ್ಲ, ಏಳಿ ಅಂದ್ರಿ. ನಾನು ಇಲ್ಲೇ ನಿಂತು ಹಾಡಿನ ಪುಸ್ತಕದ ಹಾಳೆ ತಿರುವ್ತಾ ಇದ್ದೆ. ಎಲ್ಲರನ್ನೂ ಒಳಗೆ ಕರಿ ಅಂತ ದೇವರು ನನ್ನನ್ನ ಕರೆದ. ನಾನು ಹೆತ್ತ ಮಗಳನ್ನೇ ಹೊರಗೆ ಕಳಿಸ್ಬಿಟ್ಟೆ."

ಅಪ್ಪ ಮಾತಾಡಿದಷ್ಟು ಹೊತ್ತೂ ಅಕ್ಕಾ, ಚೀಲ ಸದ್ದು ಮಾಡುತ್ತಲೇ ಇತ್ತು. ಯಾವಾಗಲೂ ಬಾಗಿಲ ಮೆಟ್ಟಿಲ ಮೇಲೇ ಕೂರುವ ಕಸ ಗುಡಿಸುವ ಅಜ್ಜಿ ಎದ್ದರು. ನಡುದಾರಿಯಲ್ಲಿ ನಿಧಾನವಾಗಿ ನಡೆದು ಬಂದು, ಮೊದಲ ಬೆಂಚಿನ ತುದಿಯಲ್ಲಿ ಕೂತು, ಒಂದು ಸಲ ತಟ್ಟಿ ನೋಡಿದರು. "ಮೂವತ್ತು ವರ್ಷ ಒರೆಸ್ದೆ, ಕೂತಿದ್ದು ಇವತ್ತೇ. ಗಟ್ಟಿ ಇದೆ." ಕೆಮ್ಮು ದೊಡ್ಡಪ್ಪ ಎರಡು ಸಲ ಕೆಮ್ಮಿ, ಕಮಿಟಿಯವರನ್ನು ಹೊರಗೆ ಕರೆದೊಯ್ದರು. ಈ ಮನೆಗೆ ಕಿಡಿಗೇಡಿ ನಾನೊಬ್ಬಳೇ ಎಂದು ಇಷ್ಟು ದಿನ ಬೀಗಿದ್ದೆ; ಗುರು ಮನೆಯಲ್ಲೇ ಇದ್ದರೆಂದು ನಿನ್ನೆ ತಿಳಿಯಿತು.

ನಿನ್ನವಳಿಗೆ ನನ್ನ ಪ್ರೀತಿ, ನಿನ್ನ ಹಲ್ಲಿನ ಡಾಕ್ಟರಿಗೆ ನನ್ನ ಸಂತಾಪ.

ನಿನ್ನ ತಂಗಿ,
ಮಂಗ

ತಾ.ಕ.: ಅಪ್ಪನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಬರುವ ಭಾನುವಾರ ಹತ್ತು ಗಂಟೆಗೆ ಸಭೆಯವರೆಲ್ಲ ಕೈಯೆತ್ತಿ ತೀರ್ಮಾನಿಸುತ್ತಾರಂತೆ. "ಅಕ್ಕನನ್ನ ಕರೀರಿ" ಎಂದರೆ, "ಯಾವ ಮುಖ ಇಟ್ಕೊಂಡು ಕರೀಲಿ?" ಎನ್ನುತ್ತಾರೆ ಅಪ್ಪ. ಆದರೆ ಇಂದು ಮಧ್ಯಾಹ್ನ ಚರ್ಚಿಗೆ ಇಣುಕಿದೆ. ಅಪ್ಪ ಮೊದಲ ಬೆಂಚಿನ ತೂತು ಮುಚ್ಚಿ, ಅಜ್ಜಿ ಕೂತಿದ್ದ ಜಾಗದ ಪಕ್ಕದಲ್ಲಿ ಸರಿಯಾಗಿ ಇಬ್ಬರು ಕೂರುವಷ್ಟಕ್ಕೆ ಮಾತ್ರ ವಾರ್ನಿಷ್ ಹಚ್ಚುತ್ತಿದ್ದರು. "ಇದ್ಯಾರಿಗಪ್ಪಾ?" ಎಂದೆ. "ಭಾನುವಾರದೊಳಗೆ ಒಣಗುತ್ತೆ" ಎಂದರಷ್ಟೇ. ಅಲ್ಲೊಂದು ಬೆರಳಚ್ಚು ಕಂಡರೆ ಅದು ನನ್ನದು. ಗೋಂದಾಗಲೀ ಮೊಳೆಯಾಗಲೀ ಇಟ್ಟಿಲ್ಲ, ನಿನ್ನಾಣೆ. ಇಬ್ಬರೂ ಬಂದು ಕೂತುಕೊಳ್ಳಿ.